ಷರಾ

ಟೌನ್‌ಹಾಲಿನ ಮೂರು ಫ್ಯಾನುಗಳಲ್ಲಿ ಒಂದು ತಿರುಗುತ್ತಿತ್ತು.
ಗೋಡೆಗೆ ನಕ್ಷೆ: ಕಪನೂರಿನಿಂದ ಗಂಜ್,
ಸೂಪರ್ ಮಾರ್ಕೆಟ್ ದಾಟಿ ಸೇಡಂ ರಸ್ತೆಯವರೆಗೆ
ಒಂದೇ ಕೆಂಪು ಗೆರೆ. ಬಸ್ಸಿಗಷ್ಟೇ ಮೀಸಲು ದಾರಿ.
ನಡುರಸ್ತೆಯಲ್ಲಿ ನಿಲ್ದಾಣ, ಗಾಜಿನ ಗೋಡೆ,
ಆರು ನಿಮಿಷಕ್ಕೊಂದು ಬಸ್ಸು.

ನನ್ನ ಕೆಲಸ ಬರೆದುಕೊಳ್ಳುವುದು.
ಕ್ರಮಸಂಖ್ಯೆ, ಹೆಸರು, ಅಹವಾಲು, ಉತ್ತರ,
ಕೊನೆಗೆ ಬೆರಳಗಲದ ಒಂದು ಕಾಲಂ: ಷರಾ.
ಹತ್ತೊಂಬತ್ತು ವರ್ಷದ ನೌಕರಿಯಲ್ಲಿ
ಅದನ್ನು ತುಂಬಿದ ನೆನಪಿಲ್ಲ.

ಮೊದಲು ಎದ್ದವರು ಅಂಗಡಿಯವರು.
"ಗಾಡಿ ನಿಲ್ಸಾಕ ಜಾಗಾನೇ ಇಲ್ಲಂದ್ರ ಗಿರಾಕಿ ಯಾಕ್ ಬರ್ತಾರ್ರಿ?"
ಆಮೇಲೆ ಟಂಟಂ ಓಡಿಸುವ ರುಕ್ಮೋದ್ದೀನ್,
ಬೆರಳಲ್ಲಿ ಕೀಲಿ ಕುಣಿಸುತ್ತ:
"ಆ ಗೆರಿ ಒಳಗ ನಮ್ ಗಾಡಿ ಬಂದ್ರ ದಂಡ ಎಷ್ಟ್ ಹೇಳ್ರಿ,
ಇವತ್ತಿಂದ್ಲೇ ಕೂಡಿಡ್ತೀನಿ."
ಸಭೆ ನಕ್ಕಿತು. ಇಂಜಿನಿಯರ್ ದೇವಣಿಯವರೂ ನಕ್ಕರು.
ನಾನು ಬರೆದೆ: ದಂಡದ ಮೊತ್ತ ವಿಚಾರಿಸಿದರು.
ನಗೆಗೆ ಕಾಲಂ ಇಲ್ಲ.

ರಸ್ತೆ ದಾಟಲು ಸಿಗ್ನಲ್ಲು ಕೊಡುವ ಹದಿನಾಲ್ಕು ಸೆಕೆಂಡನ್ನು
ಭೀಮಶ್ಯಾ ಮಾಸ್ತರರು ಅಲ್ಲೇ ನಡೆದು ತೋರಿಸಿದರು,
ಕೋಲು ಊರುತ್ತ, ವೇದಿಕೆಯ ಈ ತುದಿಯಿಂದ.
ಎಲ್ಲರೂ ಗಟ್ಟಿಯಾಗಿ ಎಣಿಸಿದರು.
ಹದಿನಾಲ್ಕಕ್ಕೆ ಅವರಿನ್ನೂ
ಮೈಕಿನ ವೈರು ದಾಟುತ್ತಿದ್ದರು.

ಐದು ಹೊಡೆದ ಮೇಲೆ,
ಸಹಿ ಹಾಕಿ ಹೋಗುವವರು ಹೋದ ಮೇಲೆ,
ಎದ್ದಳು ದಾಲ್ ಮಿಲ್ಲಿನ ಕಾಶಮ್ಮ.
ಸೆರಗಿನ ಮಡಿಕೆಯಲ್ಲಿ ತೊಗರಿಯ ಹೊಟ್ಟು.
ನಕ್ಷೆಯ ಹತ್ತಿರ ಹೋಗಿ ಬೆರಳಿಟ್ಟಳು.

"ಸಾಹೇಬ್ರ, ಈ ಚುಕ್ಕಿ ಏನ್ರಿ?"
"ಕರೆಂಟ್ ಕಂಬ. ಅಡ್ಡ ಬರ್ತದ, ತೆಗಸ್ತೀವಿ."
"ಅದ ನಮ್ ಸ್ಟಾಪ್ ಅದರಿ."

ಪಾಳಿ ಬಿಡೋದು ಮೂರಕ್ಕ.
ಅಲ್ಲಿ ಗಿಡ ಇಲ್ಲ, ಗ್ವಾಡಿ ಇಲ್ಲ, ಕಂಬ ಒಂದ ಅದ.
ಅದರ ನೆಳ್ಳಿನಾಗ ಒಬ್ರ ಹಿಂದ ಒಬ್ರು
ಹನ್ನೊಂದು ಮಂದಿ ಹೆಣ್ಮಕ್ಳು ನಿಂದರ್ತೀವಿ.
ತಲಿ ಮುಚ್ಚತದ, ಭುಜ ಹೊರಗ.
ಬಸುರಿ ಇದ್ದಾಕಿಗಿ ಬುಡ, ಹೊಸದಾಗಿ ಸೇರಿದಾಕಿಗಿ ತುದಿ.
ನೆಳ್ಳು ಸರದಂಗ ಸಾಲೂ ಸರೀತದ.
ಪಾನ್ ಡಬ್ಬಿ ಮುಟ್ಟೂದ್ರಾಗ ಬಸ್ ಬಂದ್ರ ಬಂತು,
ಇಲ್ಲಂದ್ರ ಅವತ್ತ ಅದು ಬರಂಗಿಲ್ಲ.
ನಮ್ ಕೈಯಾಗ ಗಡಿಯಾರ ಇಲ್ರಿ.

"ನಿಲ್ದಾಣಕ್ಕ ಛಾವಣಿ ಅದ ಅಮ್ಮ," ದೇವಣಿ ತೋರಿಸಿದರು.
"ಅದ್ರಿ, ಕಾಣ್ತದ. ನೆತ್ತಿ ಮ್ಯಾಲ ಅದ.
ಮೂರಕ್ಕ ಬಿಸಲು ನೆತ್ತಿ ಮ್ಯಾಲ ಇರಂಗಿಲ್ಲ."

ದೇವಣಿ ಕನ್ನಡಕ ತೆಗೆದರು. ಮತ್ತೆ ಹಾಕಿದರು.
ಮೂಲೆಯಲ್ಲಿದ್ದ ಪುಟ್ಟ ಬಾಣವನ್ನು,
ತಾವೇ ಬರೆದದ್ದನ್ನು, ಹೊಸದಾಗಿ ಕಂಡವರಂತೆ ನೋಡಿದರು.
ಅಷ್ಟೂ ಗಾಜು ಪಡುವಣಕ್ಕೆ ಮುಖ ಮಾಡಿತ್ತು.
ಅವರ ಹಾಳೆಯಲ್ಲಿ ಉತ್ತರವೆಂದರೆ ಒಂದು ಬಾಣ.
ನನ್ನ ಹಾಳೆಯಲ್ಲಿ ಅದು ಖಾಲಿ.

ಮರುದಿನ ಮೂರಕ್ಕೆ
ಅವರು ಟೇಪು ಹಿಡಿದು ಕಪನೂರಿಗೆ ಹೋಗಿದ್ದರಂತೆ.
ಸಾಲಿನಲ್ಲಿ ಹನ್ನೆರಡನೆಯವರು.
ನೆರಳು ಅವರವರೆಗೆ ಸಾಲಲಿಲ್ಲವಂತೆ.
ಕಂಬ ಉಳಿಯುತ್ತದೋ, ಗಾಜಿನ ಜಾಗಕ್ಕೆ
ಶಹಾಬಾದಿ ಕಲ್ಲು ಬರುತ್ತದೋ, ನನಗೆ ಗೊತ್ತಿಲ್ಲ.
ಅದು ಬೇರೆ ಟೇಬಲ್ಲು, ಬೇರೆ ಕಡತ.

ನಾನು ಮಾಡಿದ್ದು ಇಷ್ಟೇ:
ಕೊನೆಯ ಕಾಲಮ್ಮಿನಲ್ಲಿ, ಅಕ್ಷರ ಸಣ್ಣ ಮಾಡಿ,
"ಮೂರು ಗಂಟೆ. ಹನ್ನೊಂದು ಮಂದಿ. ಕಂಬದ ನೆಳ್ಳು."

ಸೂಪರಿಂಟೆಂಡೆಂಟರು ಎರಡು ಸಲ ಓದಿದರು.
ಕೆಂಪು ಪೆನ್ನು ತೆಗೆದು
ನೆಳ್ಳು ಹೊಡೆದು, ನೆರಳು ಎಂದು ತಿದ್ದಿದರು.
ಉಳಿದದ್ದನ್ನು ಹಾಗೇ ಬಿಟ್ಟರು.